ಹೊಳಿಯವ್ವ ಗೋಡೆಗೆ ಕಟ್ಟಿದ ನೊಗ

“ಬಂದೂಕು ಹೊಡಿಯೂದು ಏನ್ ದೊಡ್ಡ ಮಾತಲ್ಲ ಬಿಡವಾ. ಎರಡು ದಿನದಾಗ ಯಾರರ ಕಲೀತಾರ. ಅದನ್ನ ಮನ್ಯಾಗ ಇಟಗೊಂಡು ಬಾಳೇ ಮಾಡೂದೈತೆಲ್ಲಾ, ಅದು ದೊಡ್ಡದು. ನಮ್ಮದು ಎರಡು ಖಣದ ಮನಿ. ಒಂದು ಖಣದಾಗ ಎತ್ತು, ಒಂದು ಖಣದಾಗ ನಾವು. ಒಲಿ, ಬೀಸೂಕಲ್ಲು, ಜ್ವಾಳದ ಚೀಲಾ, ದೇವರ ಜಗಲಿ, ಎರಡು ಹುಡುಗ್ಯಾರು. ಎಲ್ಲೆ ಇಡ್ತಿ? ನಮ್ಮಾಂವ ಇದ್ದಾಗ ಮೂಲ್ಯಾಗ ಚೀಲದ ಹಿಂದ ನಿಂದ್ರಸ್ತಿದ್ದ. ಒಂದಿನ ನಾ ನೀರಿಗೆ ಹೋಗಿ ಬರೂದ್ರಾಗ ಸಣ್ಣಾಕಿ ಅದನ್ನ ಎಳಕೊಂಡು, ಒನಕಿ ಮಾಡಿ, ನೆಲಕ್ಕ ಕುಟ್ಟಿ ಕುಟ್ಟಿ ಆಟ ಆಡಾಕತ್ತಿದ್ಲು. ‘ಅವ್ವಾ, ಭತ್ತ ಕುಟ್ಟಾಕತ್ತೇನಿ’ ಅಂದ್ಲು. ಕೊಡ ನನ್ನ ನಡಾದ ಮ್ಯಾಲ ಇತ್ತು, ಯಾವಾಗ ಕೆಳಗ ಬಿತ್ತು ನನಗ ಗೊತ್ತಾಗಲಿಲ್ಲ. ಮುಂದ ಅಂವ ಜ್ವರಾ ಬಂದು ಹ್ವಾದ. ಸರಕಾರದವರು ಬಂದೂಕು ಒಯ್ದ್ರು. ಖರೇ ಹೇಳ್ತೇನಿ, ಒಯ್ದಾಗ ನನಗ ಒಂದು ಭಾರ ಇಳಿದಂಗ ಆಗಿತ್ತು. ಆ ವರ್ಷ ಹಂದಿ ಹಿಂಡು ಬಂದು ಶೇಂಗಾದ ಹೊಲಾ ನೇಗಲಿ ಹೊಡದಂಗ ಮಾಡಿ ಹೋದವು. ಉಳದದ್ದನ್ನ ಚಿಗರಿ ತಿಂದ್ವು. ಆವಾಗ ನಾ ಕುಂತು ವಿಚಾರ ಮಾಡಿದೆ. ಬಂದೂಕು ಇದ್ರ ಮನ್ಯಾಗ ಅಂಜಿಕಿ, ಇಲ್ಲಂದ್ರ ಹೊಲದಾಗ ಅಂಜಿಕಿ. ಹೊಲದ್ದು ನನ್ನ ಕೈಯಾಗಿಲ್ಲ, ಮನೀದು ಐತಿ. ನೆಲದ ಮ್ಯಾಲ ಜಾಗಾ ಇಲ್ಲದಿದ್ರ ಏನಾತು, ಗ್ವಾಡಿ ನಾಕೂ ಖಾಲೀನ ಇದ್ದೂವಲ್ಲಾ!”

ಹೊಳಿಯವ್ವ ಈ ಮಾತನ್ನು ನನ್ನ ಮುಂದೆ ಹತ್ತು ಸಲವಾದರೂ ಹೇಳಿದ್ದಾಳೆ. ಒಮ್ಮೆಯೂ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿದವಳಲ್ಲ. ದೇವರಗುಡ್ಡದ ಆ ಓಣಿಗೆ ನಾನು ಸೊಸೆಯಾಗಿ ಬಂದದ್ದು ದೊಡ್ಡ ಲಡಾಯಿ ಶುರುವಾಗುವುದಕ್ಕೆ ಎರಡು ವರ್ಷ ಮುಂಚೆ. ನಮ್ಮ ಮನೆಯ ಎದುರಿಗೇ ಆಕೆಯ ಮನೆ. ಆಗ ಆಕೆಗೆ ಮೂವತ್ತೈದರ ಆಸುಪಾಸು. ಗಂಡ ಮಾಲತೇಶಪ್ಪ ತೀರಿ ಒಂದು ವರ್ಷವಾಗಿತ್ತು. ಗುಡ್ಡದ ಬದಿಗೆ, ಕುರುಚಲು ಅಡವಿಗೆ ಹತ್ತಿ ಮೂರು ಎಕರೆ ಹೊಲ. ಅಡವಿಗೆ ಹತ್ತಿದ ಹೊಲವೆಂದರೆ ಬಿತ್ತುವವರು ಒಬ್ಬರು, ತಿನ್ನುವವು ಹತ್ತಾರು. ಅದಕ್ಕೇ ಮಾಲತೇಶಪ್ಪನಿಗೆ ಬೆಳೆ ಕಾಯಲು ಒಂದು ನಳಿಗೆಯ ಬಂದೂಕಿಗೆ ಸರಕಾರ ಪರವಾನಗಿ ಕೊಟ್ಟಿತ್ತು. ಪರವಾನಗಿ ಇದ್ದದ್ದು ಅವನ ಹೆಸರಿಗೆ. ಅವನು ಹೋದ ಮೇಲೆ ಬಂದೂಕು ಠಾಣೆಗೆ ಹೋಯಿತು.

ಅದನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೊಳಿಯವ್ವ ರಾಣೆಬೆನ್ನೂರಿನ ಕಚೇರಿಗೆ ಎಷ್ಟು ಸಲ ನಡೆದಳೋ ಲೆಕ್ಕವಿಲ್ಲ. ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹೋಗುವುದು, ಸಂಜೆ ಧೂಳು ಕಾಲಿನಲ್ಲಿ ಬರುವುದು. ಅಲ್ಲಿಯ ಕಾರಕೂನ ಒಬ್ಬ ಚೇಷ್ಟೆಯ ಮನುಷ್ಯ.

“ಹೆಂಗಸಿಗೆ ಬಂದೂಕು ಯಾಕಬೇ? ಹಂದಿ ಬಂದ್ರ ಒಂದು ಹಾಡು ಹೇಳಿ ಓಡಸು” ಅಂದನಂತೆ.

“ಹಾಡೂ ಹಾಡಿ ನೋಡೇನ್ರಿ ಯಪ್ಪಾ. ಕುಂತು ಕೇಳಿದ್ವು, ಉಂಡು ಹೋದ್ವು” ಅಂದಳಂತೆ ಈಕೆ.

ಕಚೇರಿಯ ಕಟ್ಟೆಯ ಮೇಲೆ ಕುಳಿತ ಜನರೆಲ್ಲ ನಕ್ಕರಂತೆ. ನಗೆ ಕೇಳಿ ಒಳಗಿನಿಂದ ಮಾಮಲೇದಾರರೇ ಹೊರಗೆ ಬಂದು ವಿಚಾರಿಸಿದರಂತೆ. ಕೊನೆಗೆ ಆದ ಅಪ್ಪಣೆ ಇಷ್ಟು: ಒಂದು ಹಂಗಾಮಿನ ಮಟ್ಟಿಗೆ ಬಂದೂಕು ಕೊಡುವುದು. ಅದನ್ನು ಇಡಲು ಮನೆಯಲ್ಲಿ ಮಕ್ಕಳ ಕೈಗೆ ಸಿಗದಂಥ, ಕೀಲಿ ಹಾಕುವಂಥ ಜಾಗ ಇರಬೇಕು. ಪೊಲೀಸ್ ಠಾಣೆಯ ಫೌಜದಾರರು ಹೇಳದೆ ಕೇಳದೆ ಬಂದು ನೋಡುತ್ತಾರೆ. ಅವರು ‘ಭದ್ರ ಐತಿ’ ಎಂದು ಬರೆದರೆ ಪರವಾನಗಿ ಕಾಯಂ. ಇಲ್ಲವೆಂದು ಬರೆದರೆ ಬಂದೂಕು ವಾಪಸು, ಮತ್ತೆ ಅರ್ಜಿ ಇಲ್ಲ.

ಹೀಗೆ ಎರಡು ಹುಡುಗಿಯರ ವರ್ಷದ ಅನ್ನ ಒಂದು ಗೋಡೆಯ ಮೇಲೆ ಬಂದು ನಿಂತಿತು.

ಮೊದಲು ಆಕೆ ಕೇಳಿದ್ದು ಅಂಜಿನಪ್ಪ ಬಡಿಗೇರನನ್ನು. ಒಳ್ಳೆಯ ಕೆಲಸಗಾರ, ಆದರೆ ದೊಡ್ಡ ಕೆಲಸದ ಕನಸು ಕಾಣುವವನು. “ಸಾಗವಾನಿ ಕಪಾಟು ಮಾಡೂಣು ತಂಗೆವ್ವಾ, ಆಳೆತ್ತರದ್ದು. ಗೌಡರ ಮನ್ಯಾಗ ಮಾಡೇನಲ್ಲಾ, ಅಂಥಾದ್ದು” ಅಂದ. ಹನ್ನೆರಡು ರೂಪಾಯಿ ಹೇಳಿದ.

“ಅಣ್ಣಾ, ಆ ಕಪಾಟು ಒಳಗ ಬಂದ್ರ ನಾ ಹೊರಗ ಮಲಗಬೇಕು” ಅಂದಳು ಹೊಳಿಯವ್ವ. “ಹನ್ನೆರಡು ರೂಪಾಯಿ ಇದ್ರ ನಾ ಎತ್ತಿಗೆ ಜೋಡಿ ಹುಡುಕ್ತಿದ್ದೆ.”

ಆಕೆಯ ಎರಡು ಎತ್ತುಗಳಲ್ಲಿ ಒಂದು ಹಿಂದಿನ ಬೇಸಿಗೆಯಲ್ಲಿ ಸತ್ತಿತ್ತು. ಉಳಿದ ಒಂಟಿ ಎತ್ತನ್ನು ಇನ್ನೊಬ್ಬರ ಒಂಟಿಯ ಜೊತೆಗೆ ಅವರ ನೊಗಕ್ಕೇ ಹೂಡಿ ಹೇಗೋ ಹೊಲ ಮಾಡುತ್ತಿದ್ದಳು.

ಆಮೇಲೆ ಎಂಟು ದಿನ ಆಕೆ ಯಾರನ್ನೂ ಕೇಳಲಿಲ್ಲ, ಬರೀ ಗೋಡೆ ನೋಡಿದಳು. ರೊಟ್ಟಿ ಬಡಿಯುತ್ತ ನೋಡುವಳು, ಬೀಸುತ್ತ ನೋಡುವಳು. ಎತ್ತಿನ ಕಡೆಯ ಗೋಡೆ ಹಸಿ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಒಲೆಯ ಕಡೆಯ ಗೋಡೆಗೆ ಕಾವು. ಬಾಗಿಲ ಗೋಡೆಗೆ ಬೀದಿಯವರ ಕಣ್ಣು. ಉಳಿದದ್ದು ದೇವರ ಜಗಲಿಯ ಮೇಲಿನ ಗೋಡೆ. ಅಲ್ಲಿ ತಾನೇ ಎರಡು ಗೂಟ ಬಡಿದು, ಬಂದೂಕಿನ ಬದಲು ಒನಕೆ ಇಟ್ಟು ನೋಡಿದಳು. ಮಣ್ಣಿನ ಗೋಡೆ, ಎರಡನೆಯ ದಿನಕ್ಕೆ ಗೂಟ, ಒನಕೆ, ಬುಟ್ಟಿಯಷ್ಟು ಮಣ್ಣು ಎಲ್ಲ ಕೂಡಿ ದೇವರ ಮೇಲೆ ಬಿದ್ದವು. ನಾನು ಸಪ್ಪಳ ಕೇಳಿ ಓಡಿ ಹೋದರೆ ಆಕೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು.

“ಗ್ವಾಡಿ ಭಾರ ಹೊರಂಗಿಲ್ಲಾ ಅಂತೈತಿ” ಅಂದಳು. “ಮಾಳಗಿ ಹೊತ್ತದ್ದು ಗ್ವಾಡಿ ಅಲ್ಲವಾ, ಕಂಬ. ಇಷ್ಟು ದಿನ ನಾ ಹೊರಲಾರದಾವ್ರನ್ನ ಕೇಳಾಕತ್ತಿದ್ದೆ.”

ನಮ್ಮ ಕಡೆಯ ಮನೆಗಳಲ್ಲಿ ಗೋಡೆಯ ಒಳಗೇ ಅರ್ಧ ಹುಗಿದ ಕಂಬಗಳಿರುತ್ತವೆ. ಜಗಲಿಯ ಎಡಬಲಕ್ಕೆ ಅಂಥವು ಎರಡು ಇದ್ದವು. ಆ ಕಂಬದಿಂದ ಈ ಕಂಬಕ್ಕೆ ಅಡ್ಡ ಹಾಕಲು ಒಂದು ಗಟ್ಟಿ ಮರ ಬೇಕು. ಆಕೆ ಹಿತ್ತಲಿಗೆ ಹೋಗಿ, ಒಂದು ವರ್ಷದಿಂದ ಗೋಡೆಗೆ ಒರಗಿಸಿಟ್ಟ ಜೋಡೆತ್ತಿನ ನೊಗವನ್ನು ಹೊತ್ತು ತಂದಳು. ಮಾಲತೇಶಪ್ಪ ತನ್ನ ಕೈಯಾರೆ ಆರಿಸಿ ಮಾಡಿಸಿದ ನೊಗ, ಎರಡು ಎತ್ತಿನ ಹೆಗಲು ತಿಕ್ಕಿ ತಿಕ್ಕಿ ನುಣ್ಣಗಾಗಿತ್ತು. ಒಂದು ಎತ್ತು ಹೋದ ಮೇಲೆ ಅದಕ್ಕೆ ಕೆಲಸವಿರಲಿಲ್ಲ. ಕಂಬದಿಂದ ಕಂಬಕ್ಕೆ ಹಿಡಿದು ನೋಡಿದರೆ ಎರಡೂ ಕಡೆ ಒಂದೊಂದು ಗೇಣು ಮಿಗುತ್ತಿತ್ತು.

ಅಂಜಿನಪ್ಪ ಬಂದು ನೋಡಿ ಮೂಗು ಮುರಿದ. “ನೊಗಾ ಗ್ವಾಡೀಗೆ ಹೊಡೀತಾರೇನ? ಬಡಿಗೇರ ಅಂಜಿನಪ್ಪ ಮಾಡಿದ್ದು ಅಂತ ಯಾರ ಮುಂದೂ ಹೇಳಬ್ಯಾಡ.”

“ಹೇಳಂಗಿಲ್ಲ. ನೀ ಮೊಳಿ ಹೊಡಿ.”

ನೊಗಕ್ಕೆ ಮೊದಲೇ ತೂತುಗಳಿರುತ್ತವಲ್ಲ, ಎತ್ತಿನ ಕೊರಳ ಎಡಬಲಕ್ಕೆ ಗೂಟ ಹಾಕುವ ತೂತು. ಅವುಗಳಲ್ಲಿ ಎರಡಕ್ಕೆ ಜಾಲಿಯ ಗೂಟ ಕೆತ್ತಿ, ತುದಿ ಸ್ವಲ್ಪ ಮೇಲಕ್ಕೆ ಇರುವಂತೆ ಬಡಿಸಿದಳು, ಬಂದೂಕು ಜಾರಬಾರದೆಂದು. ಗೂಟಕ್ಕೆ ಹಳೆಯ ಕಂಬಳಿಯ ತುಂಡು ಸುತ್ತಿ ಹೊಲಿದಳು, ಕಬ್ಬಿಣ ಸವೆಯಬಾರದೆಂದು. ನಡುವಿನ ತೂತಿನಲ್ಲಿ ಸತ್ತ ಎತ್ತಿನ ಸರಪಳಿ ಪೋಣಿಸಿದಳು. ಬಂದೂಕಿನಲ್ಲಿ ಬೆರಳಿಡುವಲ್ಲಿ ಒಂದು ಲೋಹದ ಬಳೆ ಇರುತ್ತದೆ. ಸರಪಳಿ ಅದರೊಳಗೆ ತೂರಿ ಬಂದು ಕೀಲಿ ಬಿದ್ದರೆ ಬಂದೂಕು ಕದಲುವ ಹಾಗಿಲ್ಲ. ಕೀಲಿ ಕೊಟ್ಟವಳು ಪಕ್ಕದ ಮನೆಯ ರಸೂಲಬಿ. ಅವಳ ಗಂಡ ಕೀಲಿ ರಿಪೇರಿ, ಪಾತ್ರೆಗೆ ಕಲಾಯಿ ಮಾಡುವವನು. ಯಾರೋ ಬಿಟ್ಟುಹೋದ ಕೀಲಿಗೆ ಕೀಲಿಕೈ ಮಾಡಿಸಿ ತಂದು, “ತಗೋ ಹೊಳಿಯಕ್ಕಾ, ನಿನ್ನ ಹೊಸಾ ಎತ್ತಿಗೆ” ಅಂದಳು. ಕೀಲಿಕೈ ಹೊಳಿಯವ್ವನ ನಡುವಿನ ಎಲೆ ಅಡಿಕೆಯ ಸಂಚಿಯೊಳಗೆ ಸೇರಿತು.

ಎಷ್ಟು ಎತ್ತರ ಇರಬೇಕೆಂಬುದಕ್ಕೂ ಆಕೆ ಒಂದು ಲೆಕ್ಕ ಮಾಡಿದಳು. ಅಂಜಿನಪ್ಪ ತೊಲೆಯ ಹತ್ತಿರ ಹೊಡೆಯೋಣ ಎಂದ. “ಹಂದಿ ಬಂದಾಗ ನಾ ನಿಚ್ಚಣಕಿ ಹುಡುಕ್ಲೇನ?” ಎಂದು ಆಕೆ ದೊಡ್ಡ ಮಗಳನ್ನು ಕರೆದು, ಒರಳಿನ ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ನಿಲ್ಲಿಸಿ, ಕೈ ಮೇಲೆ ಮಾಡು ಎಂದಳು. ಹುಡುಗಿಯ ಬೆರಳು ಮುಟ್ಟಿದಲ್ಲಿಗೆ ಮಸಿ ಹಚ್ಚಿ, ಅದರ ಮೇಲೆ ಒಂದು ಗೇಣು ಬಿಟ್ಟು ನೊಗ ಕೂಡಿಸಿದಳು. ತನಗೆ ಹಿಮ್ಮಡಿ ಎತ್ತಿದರೆ ಸರಿಯಾಗಿ ಎಟಕುತ್ತಿತ್ತು. ಮದ್ದು, ಕೇಪುಗಳನ್ನು ಗಡಿಗೆಯಲ್ಲಿ ಹಾಕಿ, ಒಲೆಯಿಂದ ದೂರ, ಆಚೆಯ ಮೂಲೆಯ ನೆಲುವಿನಲ್ಲಿ ಇಟ್ಟಳು. ಒಟ್ಟು ಖರ್ಚು ಆರು ಮೊಳೆ, ಮತ್ತೆ ಅಂಜಿನಪ್ಪನಿಗೆ ಸುಗ್ಗಿಯಲ್ಲಿ ಎರಡು ಸೇರು ಶೇಂಗಾ.

ಬಂದೂಕು ಬಂತು. ಮಳೆಗಾಲ ಕಳೆಯಿತು. ಹೊಲದ ಮಂಚಿಕೆಯ ಮೇಲೆ ಕುಳಿತು ಆಕೆ ಗಾಳಿಗೆ ಒಂದು ಗುಂಡು ಹಾರಿಸಿದರೆ ಹಿಂಡು ಅಡವಿಗೆ ತಿರುಗುತ್ತಿತ್ತು. ಶೇಂಗಾ ಕಾಯಿ ಕಟ್ಟಿತು. ಫೌಜದಾರರು ಮಾತ್ರ ಬರಲಿಲ್ಲ. ದಿನಾ ಮುಂಜಾನೆ ಹೊಲದಿಂದ ಬಂದ ಕೂಡಲೇ ಬಂದೂಕು ಒರೆಸಿ, ಮೇಲಿಟ್ಟು, ಕೀಲಿ ಹಾಕಿ, ಸರಪಳಿ ಎರಡು ಸಲ ಜಗ್ಗಿ ನೋಡುವಳು. ಇವತ್ತು ಬಂದರೂ ಬರಬಹುದು ಎನ್ನುವಳು. ಹೀಗೆ ನಾಲ್ಕು ತಿಂಗಳು.

ಮಹಾನವಮಿ ಬಂತು. ಆ ದಿನ ಖಂಡೆ ಪೂಜೆ. ದುಡಿಯುವ ಸಾಮಾನು, ಆಯುಧ ಎಲ್ಲವನ್ನೂ ತೊಳೆದು ದೇವರ ಮುಂದೆ ಇಡಬೇಕು. ಇಟ್ಟ ಮೇಲೆ ಮರುದಿನ ಸಂಜೆ ಬನ್ನಿ ಕೊಟ್ಟು ತೆಗೆದುಕೊಳ್ಳುವ ತನಕ ಅವನ್ನು ಎತ್ತುವ ಹಾಗಿಲ್ಲ. ಕುಡುಗೋಲನ್ನೂ ಎತ್ತುವುದಿಲ್ಲ, ಈಳಿಗೆಯನ್ನೂ ಎತ್ತುವುದಿಲ್ಲ. ಕಾಯಿಪಲ್ಲೆ ಕೈಯಿಂದಲೇ ಮುರಿದು ಹಾಕುತ್ತೇವೆ. ಹೊಳಿಯವ್ವ ಬಂದೂಕು ಇಳಿಸಿದಳು. ಸರಪಳಿ ನೋಡಿದಳು. “ಇದೂ ದುಡದೈತಿ” ಎಂದು ಅದನ್ನೂ ಬಿಚ್ಚಿದಳು. ಕೀಲಿಯನ್ನೂ, ಕೀಲಿಕೈಯನ್ನೂ ಇಟ್ಟಳು. ತಾನು ಕುಂಕುಮ ಮುಟ್ಟುವಂತಿಲ್ಲವೆಂದು ನನ್ನನ್ನು ಕರೆದು ಹಚ್ಚಿಸಿದಳು. ನವರಾತ್ರಿಯ ಘಟದಲ್ಲಿ ಮೊಳೆತ ಸಸಿಯ ಮುಂದೆ ಚೆಂಡುಹೂವು ಮುಡಿದು ಬಂದೂಕು ಮಲಗಿತ್ತು, ಮೇಲೆ ನೊಗ ಖಾಲಿ. ನನಗಾಗಲಿ ಆಕೆಗಾಗಲಿ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಆ ಸಂಜೆ ಊರಿಗೆ ಊರೇ ಜಾತ್ರೆಯಲ್ಲಿ ವರ್ಷದ ಭವಿಷ್ಯ ನುಡಿಯುವ ಕಾರಣಿಕ ಕೇಳಲು ಹೊರಟಿತು. ಗುತ್ತಲ, ಹಾವೇರಿ, ಬ್ಯಾಡಗಿ ಕಡೆಯ ಬಂಡಿಗಳೆಲ್ಲ ನಮ್ಮ ಓಣಿಯಲ್ಲೇ ಎತ್ತು ಬಿಚ್ಚಿ ನಿಂತಿದ್ದವು. “ಬಾ ಚಿಗವ್ವಾ” ಎಂದು ನಾನು ಕರೆದೆ.

“ಹುಡುಗ್ಯಾರನ್ನ ಕರಕೊಂಡು ಹೋಗವಾ. ನಾ ಬರಂಗಿಲ್ಲ. ಕೀಲಿ ಇಲ್ಲದ ಬಂದೂಕಿಗೆ ನಾನ ಕೀಲಿ” ಅಂದಳು. ಜಗಲಿಗೆ ಬೆನ್ನು ಕೊಟ್ಟು ಕುಳಿತವಳು ಮರುದಿನವೂ ಹೊಸ್ತಿಲು ದಾಟಲಿಲ್ಲ. ನೀರು ತರುವ ಪಾಳಿ ರಸೂಲಬಿಗೆ ಬಿತ್ತು.

ಮರುದಿನ ಹನ್ನೊಂದರ ಸುಮಾರಿಗೆ ಫೌಜದಾರರು ಬಂದರು. ಜಾತ್ರೆಯ ಬಂದೋಬಸ್ತಿಗೆ ಬಂದವರು ಹಾಗೇ ಈ ಕೆಲಸವನ್ನೂ ಮುಗಿಸಲು ಬಂದಿದ್ದರು. ಕೂಡ ಒಬ್ಬ ಹವಾಲ್ದಾರ. ಎದುರಿಗೆ ನಮ್ಮ ಮನೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದ ನನಗೆ ಒಂದೊಂದು ಮಾತೂ ಕೇಳಿಸುತ್ತಿತ್ತು, ತೆರೆದ ಬಾಗಿಲಿನಿಂದ ಒಳಗೂ ಕಾಣುತ್ತಿತ್ತು.

ಅವರು ಹೊಸ್ತಿಲಲ್ಲಿ ನಿಂತು ಮೊದಲು ಗೋಡೆ ನೋಡಿದರು. “ಜಾಗಾ ಚಲೋ ಮಾಡೀದಿ. ಬಂದೂಕು ಎಲ್ಲಿ?”

“ದೇವರ ಮುಂದ ಐತ್ರಿ.”

“ಸರಪಳಿ?”

“ಅದೂ ಅಲ್ಲೇ ಐತ್ರಿ.”

“ಕೀಲಿಕೈ ಅಂತೂ ನಿನ್ನ ಹತ್ರ ಇರಬೇಕಲ್ಲಾ?”

ಹೊಳಿಯವ್ವ ಜಗಲಿಯ ಕಡೆ ಕೈ ಮಾಡಿದಳು. ಬಂದೂಕಿನ ಪಕ್ಕದಲ್ಲೇ ಕೀಲಿಕೈ ಕುಂಕುಮ ಹಚ್ಚಿಕೊಂಡು ಎಲ್ಲರಿಗೂ ಕಾಣುವ ಹಾಗೆ ಬಿದ್ದಿತ್ತು. ತಪ್ಪು ನನಗೆ ಆಗ ಕಂಡಿತು. ನಾಲ್ಕು ತಿಂಗಳು ದಿನಾ ಕೀಲಿ ಹಾಕಿದವಳು, ಫೌಜದಾರರು ಬರುವ ಒಂದು ದಿನ ಎಲ್ಲವನ್ನೂ ಬಿಚ್ಚಿ ನೆಲಕ್ಕೆ ಇಟ್ಟಿದ್ದಳು.

“ಈಗಿಂದೀಗ ಎತ್ತಿ ಮ್ಯಾಲ ಇಡು. ನಾ ನೋಡಿ ಬರಕೊಂಡು ಹೋಗ್ತೇನಿ” ಎಂದರು ಫೌಜದಾರರು. ಸಿಟ್ಟಿನ ದನಿ ಇರಲಿಲ್ಲ, ಕೆಲಸ ಮುಗಿಸುವ ದನಿ.

“ಬನ್ನಿ ಆಗೂತನಕ ಎತ್ತಂಗಿಲ್ರಿ ಸಾಹೇಬ್ರ.”

“ಎತ್ತಲಿಲ್ಲಂದ್ರ ನಾ ಒಯ್ಯಬೇಕಾಗ್ತದ. ಮತ್ತ ಸಿಗಂಗಿಲ್ಲ. ತಿಳೀತೇನು?”

ಹೊಳಿಯವ್ವ ಎದ್ದು ನಿಂತಳು. ಸ್ವಲ್ಪ ಹೊತ್ತು ಖಾಲಿ ನೊಗ ನೋಡಿದಳು, ಸಣ್ಣ ಮಗಳನ್ನು ನೋಡಿದಳು. ನನಗೆ ಎತ್ತಿಬಿಡುತ್ತಾಳೆ ಅನ್ನಿಸಿತು. ಎತ್ತಲಿ ಎಂದೂ ಅನ್ನಿಸಿತು, ಸುಳ್ಳೇಕೆ ಹೇಳಲಿ. ಆಕೆ ಜಗಲಿಯಿಂದ ಒಂದು ಹೆಜ್ಜೆ ಸರಿದು ದಾರಿ ಬಿಟ್ಟಳು.

“ಒಯ್ಯೂದಿದ್ರ ಒಯ್ರಿ. ಸರಕಾರದ್ದು, ನಾ ಬ್ಯಾಡ ಅನ್ನಂಗಿಲ್ಲ. ಬೂಟು ಬಿಟ್ಟು ಒಳಗ ಬರ್ರಿ. ಹೂವು ಮಾತ್ರ ಮೊದಲು ತಗದು ಬಾಜೂಕ ಇಡ್ರಿ. ಸಸಿ ಮುರೀಬ್ಯಾಡ್ರಿ.”

ಫೌಜದಾರರು ಬಗ್ಗಿ ಬೂಟಿನ ದಾರಕ್ಕೆ ಕೈ ಹಾಕಲಿಲ್ಲ, ಹೊರಗೂ ಹೋಗಲಿಲ್ಲ. ಹವಾಲ್ದಾರನ ಕಡೆ ನೋಡಿದರು. ಅವನು ನೆಲ ನೋಡುತ್ತ ಮೆಲ್ಲಗೆ ಅಂದ: “ಸಾಹೇಬ್ರ, ನಮ್ಮ ಠಾಣೇದಾಗಿನ್ನವೂ ಹಿಂಗ ಮಲಗ್ಯಾವಲ್ರಿ. ನಿನ್ನೆ ನೀವ ಕುಂಕುಮಾ ಹಚ್ಚೀರಿ.”

“ಅಲ್ಲೆ ಪಹರೆ ಐತೋ ಮಾರಾಯಾ!”

“ಇಲ್ಲೂ ಐತ್ರಿ” ಎಂದಳು ಹೊಳಿಯವ್ವ. “ನಿನ್ನೆ ಇಳಿಸಿದಾಗಿಂದ ನಾ ಹೊಸ್ತಲಾ ದಾಟಿಲ್ರಿ. ಕಾರಣಿಕಾನೂ ಕೇಳಿಲ್ಲ.”

“ಹಂಗಂತ ನೀ ಹೇಳ್ತಿ. ನೋಡಿದವ್ರು ಯಾರು?”

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ರಸೂಲಬಿ ಬಂದಳು. ನಡುವಿನ ಮೇಲೆ ಒಂದು ಕೊಡ, ಕೈಯಲ್ಲಿ ಒಂದು ತಂಬಿಗೆ. ಮುಂಬಾಗಿಲಲ್ಲಿ ಯಾರಿದ್ದಾರೆಂದು ಅವಳು ನೋಡಿರಲಿಲ್ಲ.

“ಹೊಳಿಯಕ್ಕಾ, ಇದು ಐದನೇ ಕೊಡ ನೋಡು! ಹಡದ ಬಾಣಂತಿಗೂ ನಾ ಇಷ್ಟು ನೀರು ಹೊತ್ತಿಲ್ಲ. ನಿನ್ನ ಬಂದೂಕು ಹಂದೀನ ಕೊಲ್ಲತೈತೋ ಇಲ್ಲೋ, ನನ್ನಂತೂ ಕೊಂದಿತು. ಎರಡು ದಿನ ಆತು, ಕೋಳಿ ತತ್ತೀಗೆ ಕುಂತಂಗ ಕುಂತೀದಿ. ಇವತ್ತರ ಏಳ್ತಿಯೋ...” ಎನ್ನುತ್ತ ತಲೆ ಎತ್ತಿದಳು. ಪೊಲೀಸರನ್ನು ಕಂಡು, “ಯಾ ಅಲ್ಲಾ!” ಎಂದು ಸೆರಗು ಎಳೆದುಕೊಂಡು ಕೊಡದ ಸಮೇತ ಹಿಂದಕ್ಕೆ ಓಡಿದಳು. ಅರ್ಧ ನೀರು ಹಿತ್ತಲ ಬಾಗಿಲಲ್ಲೇ ಚೆಲ್ಲಿತು.

ಹವಾಲ್ದಾರ ಮುಖ ತಿರುಗಿಸಿಕೊಂಡು ಕೆಮ್ಮಿದ. ಫೌಜದಾರರು ನಗಲಿಲ್ಲ. ಮೂಲೆಯಲ್ಲಿ ಒಣಗಿ ಬಿದ್ದ ಹೊಳಿಯವ್ವನ ಎರಡು ಕೊಡಗಳನ್ನು ನೋಡಿದರು. ಆಮೇಲೆ ನೊಗದ ಹತ್ತಿರಕ್ಕೆ ಹೊಸ್ತಿಲಿನಿಂದಲೇ ಬೆತ್ತ ಚಾಚಿ, ಗೂಟ ಅಲುಗಾಡುತ್ತದೆಯೇ ಎಂದು ಕುಟ್ಟಿ ನೋಡಿದರು. ಅಲುಗಾಡಲಿಲ್ಲ.

“ಸಂಜೀಗೆ ನಮ್ಮ ಮನುಷ್ಯಾ ಬರತಾನ. ಬನ್ನಿ ಆದಕೂಡ್ಲೇ ಮ್ಯಾಲ ಇರಬೇಕು” ಎಂದರು. ಎರಡು ಹೆಜ್ಜೆ ಹೋದವರು ತಿರುಗಿ, “ಕೀಲಿಕೈಗೂ ಕುಂಕುಮಾ ಹಚ್ಚೂದು ಯಾರು ಕಲಿಸಿದ್ರು ನಿನಗ?” ಅಂದರು.

“ಯಾರೂ ಕಲಿಸಲಿಲ್ರಿ. ಅದು ನನ್ನ ತಪ್ಪು” ಎಂದಳು ಹೊಳಿಯವ್ವ.

ಅವರು ಹೋದ ಮೇಲೆ ನಾನು ಒಳಗೆ ಹೋದೆ. ಆಕೆ ಮತ್ತೆ ಜಗಲಿಗೆ ಬೆನ್ನು ಕೊಟ್ಟು ಕುಳಿತಿದ್ದಳು. “ದೇವರು ಬಂದೂಕಷ್ಟ ಕೇಳಿದ್ದ. ಸರಪಳಿ ಕೇಳಿದ್ದಿಲ್ಲ. ನಾನ ಹೆಚ್ಚಿಂದು ಕೊಟ್ಟೆ” ಅಂದಳು. ಬಹಳ ಹೊತ್ತು ಅದನ್ನೇ ತಿರುಗಾಮುರುಗಾ ಯೋಚಿಸಿದಳು. ಪೂಜೆ ಮಾಡಿದ್ದು ತಪ್ಪಲ್ಲ, ಎತ್ತದೆ ಇದ್ದದ್ದೂ ತಪ್ಪಲ್ಲ. ಆದರೆ ಮಕ್ಕಳಿರುವ ಮನೆಯಲ್ಲಿ ಕೀಲಿಗೆ ರಜೆ ಕೊಡಬಾರದಿತ್ತು. ಹಾಗಂತ ಆಕೆಯೇ ಹೇಳಿದಳು, ಹಳ್ಳಿಯವರಾರೂ ಹೇಳಲಿಲ್ಲ.

ಮರುವರ್ಷದಿಂದ ಖಂಡೆ ಪೂಜೆಗೆ ಬಂದೂಕು ಕೆಳಗೆ ಇಳಿಯಲಿಲ್ಲ. ನೊಗದ ಮೇಲೆಯೇ, ಕೀಲಿ ಹಾಕಿಯೇ, ನಾನು ಒರಳಿನ ಮೇಲೆ ಹತ್ತಿ ಕುಂಕುಮ ಹಚ್ಚುತ್ತಿದ್ದೆ. ಆಯುಧ ದೇವರ ತಲೆಯ ಮೇಲೆ ಇರಬಾರದು ಎಂದು ಹಿರಿಯರು ಆಡಿಕೊಂಡರು. “ದೇವರಿಗೂ ಪಹರೆ ಆತು ಬಿಡ್ರಿ” ಎಂದು ಆಕೆ ಸುಮ್ಮನಾದಳು. ಪರವಾನಗಿ ಇದ್ದವರು ಒಬ್ಬೊಬ್ಬರೇ ಬಂದು ನೋಡಿ ಹೋಗುತ್ತಿದ್ದರು. ಅಂಜಿನಪ್ಪ ಹೊಸ ಜಾಲಿ ಮರದಲ್ಲೇ ನೊಗದಂಥ ಪಟ್ಟಿ ಕೆತ್ತಿ ಬ್ಯಾಡಗಿಯ ತನಕ ಮಾರಿದ. ತಾನೇ ಹುಡುಕಿದ್ದೆಂದು ಹೇಳಿಕೊಂಡ. ಯಾರೋ ಬಂದು ಈಕೆಗೆ ಚಾಡಿ ಹೇಳಿದರೆ, “ಯಾರ ಮುಂದೂ ಹೇಳಂಗಿಲ್ಲಂತ ಮಾತು ಕೊಟ್ಟೇನಿ” ಎಂದು ನಕ್ಕಳು. ಇಬ್ಬರು ಹುಡುಗಿಯರ ಮದುವೆ ಆ ಹೊಲದ ಶೇಂಗಾದಿಂದಲೇ ಆಯಿತು.

ಆದರೆ ಅದೆಲ್ಲ ಮುಂದಿನ ಮಾತು. ಆ ದಶಮಿಯ ಸಂಜೆ ಹವಾಲ್ದಾರ ಒಬ್ಬನೇ ಬಂದ. ಕೈಯಲ್ಲಿ ಬನ್ನಿ ಎಲೆ ಇತ್ತು. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, “ಯವ್ವಾ, ಬನ್ನಿ ತಗೊಂಡು ಬಂಗಾರದಂಗ ಇರೂಣು” ಎಂದ. ಆಕೆ ಎರಡೂ ಕೈಯಲ್ಲಿ ತೆಗೆದುಕೊಂಡಳು, ತಾನೂ ಕೊಟ್ಟಳು. ಆಮೇಲೆ ಬಂದೂಕು ಎತ್ತಿ, ಹಳೆಯ ಅರಿವೆಯಿಂದ ಕುಂಕುಮ ಒರೆಸಿ, ಹಿಮ್ಮಡಿ ಎತ್ತಿ ನೊಗದ ಗೂಟದ ಮೇಲೆ ಇಟ್ಟಳು. ಸರಪಳಿ ತೂರಿಸಿದಳು. ಕೀಲಿ ಹಾಕಿದಳು. ಹವಾಲ್ದಾರ ಸರಪಳಿ ಜಗ್ಗಿದ. ಆಕೆಯೂ ಎರಡು ಸಲ ಜಗ್ಗಿದಳು.

“ಸಾಹೇಬರು ಏನ್ ಬರೀಬೇಕಂತ ಹೇಳ್ಯಾರ್ರಿ?” ಎಂದು ಕೇಳಿದಳು. ಆ ಇಡೀ ದಿನದಲ್ಲಿ ಆಕೆಯ ದನಿ ಸಣ್ಣದಾದದ್ದು ಅದೊಂದೇ ಸಲ.

“ಕಂಡದ್ದು ಬರಿ ಅಂದಾರಬೇ” ಎಂದು ಹವಾಲ್ದಾರ ಕಿಸೆಯಿಂದ ಕಾಗದ ತೆಗೆದು, ಕಂಬಕ್ಕೆ ಒತ್ತಿ ಹಿಡಿದು, ಪೆನ್ಸಿಲ್ ನಾಲಿಗೆಗೆ ಮುಟ್ಟಿಸಿ, ಬಾಯಿಬಿಟ್ಟು ಓದುತ್ತ ಬರೆದ: “ಗ್ವಾಡಿ ಮ್ಯಾಲ. ಕೀಲಿ ಐತಿ. ಭದ್ರ ಐತಿ.”

ಅವನು ಓಣಿಯ ತಿರುವು ದಾಟುವ ತನಕ ಹೊಳಿಯವ್ವ ಬಾಗಿಲಲ್ಲಿ ನಿಂತಿದ್ದಳು. ಆಮೇಲೆ ಕೀಲಿಕೈಯನ್ನು ಸಂಚಿಯಲ್ಲಿ ಹಾಕಿ ದಾರ ಬಿಗಿದಳು. ಮೂಲೆಯ ಎರಡು ಕೊಡಗಳನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಒಂದನ್ನು ತಲೆಯ ಮೇಲೆ, ಒಂದನ್ನು ನಡುವಿನ ಮೇಲೆ ಇಟ್ಟುಕೊಂಡು, ಎರಡು ದಿನದ ಮೇಲೆ ಹೊಸ್ತಿಲು ದಾಟಿ ಬಾವಿಗೆ ಹೋದಳು. ತಂದ ಮೊದಲ ಎರಡು ಕೊಡ ರಸೂಲಬಿಯ ಹಂಡೆಗೆ ಸುರಿದಳು. ಹಂಡೆ ಇನ್ನೂ ಅರ್ಧ ಖಾಲಿ ಇತ್ತು. ಸಿಂಬಿ ಸರಿಮಾಡಿಕೊಂಡು ಮತ್ತೆ ಬಾವಿಯ ಕಡೆಗೆ ನಡೆದಳು.